ವಿಒ2 ಮ್ಯಾಕ್ಸ್ ಓಟ: ಏದುಸಿರಿನ ನಿಮಿಷಗಳನ್ನು ಎಣಿಸುವುದು ಹೇಗೆ

ನನ್ನ ಓಟದ ನೋಟ್‌ಬುಕ್ಕಿನಲ್ಲಿ ಒಂದು ಪುಟವಿದೆ. 400 ಮೀಟರ್, ಎಂಟು ಸಲ. ಮೊದಲನೆಯದು 1 ನಿಮಿಷ 44 ಸೆಕೆಂಡ್, ಎರಡನೆಯದು 1:45, ಐದನೆಯದು 1:58, ಎಂಟನೆಯದು 2:13. ಪಕ್ಕದಲ್ಲಿ ‘ಚೆನ್ನಾಗಿ ಸುಸ್ತಾಯಿತು’ ಎಂದು ಬರೆದುಕೊಂಡಿದ್ದೇನೆ. ಇಂಥ ಪುಟಗಳು ಒಂದು ವರ್ಷದಷ್ಟಿವೆ. ಆ ವರ್ಷವಿಡೀ ನನ್ನ 5 ಕಿ.ಮೀ. ಓಟ 27 ನಿಮಿಷ 20 ಸೆಕೆಂಡಿನ ಆಸುಪಾಸಿನಿಂದ ಕದಲಲಿಲ್ಲ. ಆಗ ನನಗೆ 44 ವರ್ಷ. ವಯಸ್ಸಾಯಿತು, ಇಷ್ಟೇ ಇರಬೇಕು ಎಂದುಕೊಂಡಿದ್ದೆ.

ಎಲ್ಲಿ ತಪ್ಪಿದೆ ಎಂದು ಗೊತ್ತಾಗಿದ್ದು ಒಂದು ಪ್ರಯೋಗಾಲಯದ ಟ್ರೆಡ್‌ಮಿಲ್ ಮೇಲೆ. ಮೂಗು, ಬಾಯಿ ಎರಡನ್ನೂ ಮುಚ್ಚುವ ಮುಖವಾಡ, ಎದೆಗೆ ಪಟ್ಟಿ. ನಿಮಿಷ ನಿಮಿಷಕ್ಕೂ ಬೆಲ್ಟಿನ ವೇಗ ಏರುತ್ತಿತ್ತು. ‘ಇನ್ನೊಂದೇ ನಿಮಿಷ ಮೇಡಂ, ಬಿಡಬೇಡಿ’ ಎಂದು ಪಕ್ಕದಲ್ಲಿದ್ದ ಹುಡುಗ ಕೂಗುತ್ತಿದ್ದ. ಕೊನೆಯ ಹಂತದಲ್ಲಿ ಬೆಲ್ಟಿನ ವೇಗ ಏರಿತು, ಪರದೆಯ ಮೇಲಿನ ಆಮ್ಲಜನಕದ ಗೆರೆ ಮಾತ್ರ ಏರದೆ ಅಡ್ಡಕ್ಕೆ ಸಾಗಿತು. ಅದೇ ನನ್ನ ವಿಒ2 ಮ್ಯಾಕ್ಸ್. ದೇಹ ಒಂದು ನಿಮಿಷದಲ್ಲಿ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ. ನನ್ನದು ಒಂದು ಕಿಲೋ ತೂಕಕ್ಕೆ ನಿಮಿಷಕ್ಕೆ 43 ಮಿಲಿಲೀಟರ್ ಬಂತು. ತೂಕ 60 ಕಿಲೋ, ಹಾಗಾಗಿ ಒಟ್ಟು ಸುಮಾರು ಎರಡೂವರೆ ಲೀಟರ್.

ಇಂಗ್ಲೆಂಡಿನ ಸಂಶೋಧಕರಾದ ಎ.ವಿ. ಹಿಲ್ ಮತ್ತು ಹಾರ್ಟ್ಲಿ ಲಪ್ಟನ್ 1923ರಲ್ಲಿ ಪ್ರಕಟಿಸಿದ್ದು ಇದೇ ಅಡ್ಡಗೆರೆಯ ಕಥೆ. ಹಿಲ್ ಬೆನ್ನಿಗೆ ಗಾಳಿಚೀಲ ಕಟ್ಟಿಕೊಂಡು ಹುಲ್ಲಿನ ಮೈದಾನದಲ್ಲಿ ತಾವೇ ಸುತ್ತು ಹಾಕಿದರು, ಬಿಟ್ಟ ಉಸಿರನ್ನು ಆ ಚೀಲದಲ್ಲಿ ಹಿಡಿದು ಅಳೆದರು. ವೇಗ ಹೆಚ್ಚಿದಂತೆ ಆಮ್ಲಜನಕದ ಬಳಕೆಯೂ ಹೆಚ್ಚುತ್ತದೆ, ನಿಮಿಷಕ್ಕೆ ಸುಮಾರು ನಾಲ್ಕು ಲೀಟರ್ ಮುಟ್ಟಿದ ಮೇಲೆ ಎಷ್ಟು ಜೋರಾಗಿ ಓಡಿದರೂ ಹೆಚ್ಚುವುದಿಲ್ಲ ಎಂದು ಕಂಡುಕೊಂಡರು. ನೂರು ವರ್ಷದ ಹಿಂದೆ ಆ ಮನುಷ್ಯ ಚೀಲ ಹೊತ್ತು ಓಡಿದ್ದನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ.

ಮರುವಾರ ಅದೇ ಯಂತ್ರದ ಮೇಲೆ ನನ್ನನ್ನು ಒಂದೇ ವೇಗದಲ್ಲಿ ಓಡಿಸಿದರು. ನನ್ನ ಕಣ್ಣು ತೆರೆಸಿದ್ದು ಆ ದಿನದ ಗೆರೆ. ಕಾಲು ಮೊದಲ ಸೆಕೆಂಡಿನಲ್ಲೇ ಪೂರ್ತಿ ವೇಗಕ್ಕೆ ಬಂದಿತ್ತು, ಆಮ್ಲಜನಕ ಬಂದಿರಲಿಲ್ಲ. ಅದು ಮೊದಲು ಸರ್ರನೆ, ಆಮೇಲೆ ನಿಧಾನವಾಗಿ ಹತ್ತುತ್ತಾ ಮೇಲ್ಮಟ್ಟದ ಹತ್ತಿರ ಬರಲು ಎರಡು ನಿಮಿಷದಷ್ಟು ತೆಗೆದುಕೊಂಡಿತು. ಅಲ್ಲಿಯವರೆಗಿನ ಕೊರತೆಯನ್ನು ಸ್ನಾಯುಗಳು ತಮ್ಮಲ್ಲಿರುವ ಶಕ್ತಿಯ ಸಣ್ಣ ಉಳಿತಾಯದಿಂದ ತುಂಬಿಕೊಳ್ಳುತ್ತವೆ. ನನ್ನ 1:44ರ ಸುತ್ತುಗಳಲ್ಲಿ ಆಗುತ್ತಿದ್ದದ್ದು ಇಷ್ಟೇ: ಆಮ್ಲಜನಕ ಮೇಲೆ ಬರುವ ಹೊತ್ತಿಗೆ ಸುತ್ತು ಮುಗಿಯುತ್ತಿತ್ತು, ಎರಡು ನಿಮಿಷ ನಿಂತೇ ಸುಧಾರಿಸಿಕೊಳ್ಳುವಾಗ ಅದು ಬಹುಮಟ್ಟಿಗೆ ಇಳಿದುಬಿಡುತ್ತಿತ್ತು, ಉಳಿತಾಯ ಖಾಲಿಯಾಗಿ ಐದನೇ ಸುತ್ತಿಗೆ ಕಾಲು ಕಲ್ಲಾಗುತ್ತಿತ್ತು. ಸುಸ್ತು ನಿಜ. ಹೃದಯ ತನ್ನ ಪೂರ್ಣ ಸಾಮರ್ಥ್ಯದಲ್ಲಿ ದುಡಿದ ಹೊತ್ತು ಮಾತ್ರ ಬಹಳ ಕಡಿಮೆ.

ವಿಒ2 ಮ್ಯಾಕ್ಸ್ ಬೆಳೆಯಬೇಕಾದರೆ ಆ ಮೇಲ್ಮಟ್ಟದ ಹತ್ತಿರ, 90 ಶೇಕಡಾಕ್ಕಿಂತ ಮೇಲೆ, ಎಷ್ಟು ನಿಮಿಷ ಇದ್ದೆ ಎನ್ನುವುದು ಮುಖ್ಯ. ಈಗ ನನ್ನ ನೋಟ್‌ಬುಕ್ಕಿನಲ್ಲಿ ಎಣಿಸುವುದು ಆ ನಿಮಿಷಗಳನ್ನೇ. ಅದನ್ನು ನೀವೂ ಹೇಗೆ ಮಾಡಬಹುದು, ಹೇಳುತ್ತೇನೆ.

ಮೊದಲು ಒಂದು ಮಾತು. ಎದೆನೋವು, ತಲೆಸುತ್ತು, ಹೃದಯದ ತೊಂದರೆ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ ಅಂಥವರು, ಬಹಳ ವರ್ಷ ಓಡದೆ ಇದ್ದವರು ಡಾಕ್ಟರನ್ನು ಕಂಡೇ ಶುರುಮಾಡಿ. ಓಡುವಾಗ ಎದೆ ಬಿಗಿದರೆ ಅಲ್ಲೇ ನಿಲ್ಲಿಸಿ, ಸುತ್ತು ಮುಗಿಸುವ ಹಟ ಬೇಡ. ಕನಿಷ್ಠ ಎರಡು ಮೂರು ತಿಂಗಳು ವಾರಕ್ಕೆ ಮೂರು ದಿನ ಅರ್ಧ ಗಂಟೆ ಆರಾಮಾಗಿ ಓಡಿ ಅಭ್ಯಾಸವಿರಬೇಕು.

ಹೆಂಗಸರಿಗೆ ಇನ್ನೊಂದು, ನನ್ನ ಅನುಭವದ್ದು. ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಎರಡು ವರ್ಷ ಮೊದಲು ನನಗೆ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತಿತ್ತು, ಹಿಮೋಗ್ಲೋಬಿನ್ 100 ಮಿಲಿಲೀಟರ್ ರಕ್ತಕ್ಕೆ 10.4 ಗ್ರಾಂ ಇತ್ತು. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. ಆ ಲೆಕ್ಕದಲ್ಲಿ ನನ್ನ 100 ಮಿಲಿಲೀಟರ್ ರಕ್ತ ಹೆಚ್ಚೆಂದರೆ 14 ಮಿಲಿಲೀಟರ್ ಹೊರುತ್ತಿತ್ತು. ಚಿಕಿತ್ಸೆಯಾಗಿ 12.9ಕ್ಕೆ ಬಂದಾಗ ಅದು 17 ದಾಟಿತು. ಹೃದಯ ನಿಮಿಷಕ್ಕೆ ಎಷ್ಟು ರಕ್ತ ದೂಡುತ್ತದೆ, ಆ ರಕ್ತದಿಂದ ಸ್ನಾಯು ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತದೆ, ಇವೆರಡನ್ನೂ ಗುಣಿಸಿದರೆ ಬರುವುದೇ ಆಮ್ಲಜನಕದ ಬಳಕೆ. ರಕ್ತದಲ್ಲೇ ಇಲ್ಲದ್ದನ್ನು ಸ್ನಾಯು ಎಲ್ಲಿಂದ ಎಳೆಯಬೇಕು? ರಕ್ತಹೀನತೆ ಇಟ್ಟುಕೊಂಡು ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಜೋರಿನ ಓಟ) ಓಡಿ ತಮ್ಮನ್ನು ತಾವೇ ಸೋಮಾರಿ ಎಂದು ಬೈದುಕೊಳ್ಳುವ ಗೆಳತಿಯರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಇನ್ನು ನಿಮ್ಮ ವೇಗ ಕಂಡುಹಿಡಿಯುವುದು. ಪ್ರಯೋಗಾಲಯ ಬೇಕಿಲ್ಲ. ವಿಒ2 ಮ್ಯಾಕ್ಸ್ ಮುಟ್ಟುವ ಕನಿಷ್ಠ ವೇಗದಲ್ಲಿ ಹೆಚ್ಚಿನವರು ಸುಮಾರು ಆರು ನಿಮಿಷ ಓಡಬಲ್ಲರು, ಕೆಲವರು ನಾಲ್ಕು, ಕೆಲವರು ಎಂಟು. ಹಾಗಾಗಿ ಆರು ನಿಮಿಷದಲ್ಲಿ ಸಾಧ್ಯವಾದಷ್ಟು ದೂರ ಓಡಿ, ಆ ದೂರವನ್ನು ಅಳೆಯಿರಿ. ಮಟ್ಟಸವಾದ ಟ್ರ್ಯಾಕ್, ಗಾಳಿ ಇಲ್ಲದ ಹೊತ್ತು. ಮೊದಲ ನಿಮಿಷ ‘ಇದು ಸ್ವಲ್ಪ ನಿಧಾನವಾಯಿತೇನೋ’ ಅನ್ನಿಸುವಂತೆ ಇರಲಿ, ಕೊನೆಯ ನಿಮಿಷಕ್ಕೆ ಎಲ್ಲ ಉಳಿಸಿಕೊಳ್ಳಿ. ನಾನು 1200 ಮೀಟರ್ ಓಡಿದೆ. ನಿಮಿಷಕ್ಕೆ 200 ಮೀಟರ್, ಗಂಟೆಗೆ 12 ಕಿ.ಮೀ., 100 ಮೀಟರಿಗೆ 30 ಸೆಕೆಂಡ್. ಸಮತಟ್ಟಿನ ಓಟಕ್ಕೆ ಬೇಕಾಗುವ ಆಮ್ಲಜನಕದ ಲೆಕ್ಕಕ್ಕೆ ಒಂದು ಅಂದಾಜು ಸೂತ್ರವಿದೆ: ನಿಮಿಷಕ್ಕೆ ಎಷ್ಟು ಮೀಟರ್ ಎನ್ನುವುದನ್ನು 0.2ರಿಂದ ಗುಣಿಸಿ 3.5 ಕೂಡಿಸಿ. ನನಗೆ 43.5 ಬಂತು. ಯಂತ್ರ ಹೇಳಿದ್ದು 43.

12 ನಿಮಿಷದ ಕೂಪರ್ ಪರೀಕ್ಷೆ ಗೊತ್ತಿರುವವರು ಅದನ್ನೇ ಮಾಡಬಹುದು. 1968ರಿಂದ ಬಳಕೆಯಲ್ಲಿದೆ. ಓಡಿದ ಮೀಟರಿನಿಂದ 504.9 ಕಳೆದು 44.73ರಿಂದ ಭಾಗಿಸಿದರೆ ವಿಒ2 ಮ್ಯಾಕ್ಸಿನ ಅಂದಾಜು ಸಿಗುತ್ತದೆ, 2400 ಮೀಟರಿಗೆ 42ರಷ್ಟು. ಆದರೆ ಅಭ್ಯಾಸದ ವೇಗ ನಿರ್ಧರಿಸಲು ಆರು ನಿಮಿಷದ್ದೇ ನನಗೆ ಸರಿಹೋಗಿದೆ.

ವಾಚ್ ತೋರಿಸುವ ಅಂಕಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ವಾಚ್ ಆಮ್ಲಜನಕವನ್ನು ಅಳೆಯುವುದಿಲ್ಲ. ಇಷ್ಟು ವೇಗಕ್ಕೆ ಇಷ್ಟು ಹೃದಯ ಬಡಿತ ಎಂಬುದರಿಂದ ಅಂದಾಜು ಕಟ್ಟುತ್ತದೆ. ಮಣಿಕಟ್ಟಿನ ಸೆನ್ಸರ್ ಕೆಲವೊಮ್ಮೆ ಹೆಜ್ಜೆಯ ಲಯವನ್ನೇ ಬಡಿತವೆಂದು ಎಣಿಸುತ್ತದೆ, ಆಗ ಅಂಕಿ ಪೂರ್ತಿ ಅಡ್ಡದಾರಿ. ತಿಂಗಳಿಂದ ತಿಂಗಳಿಗೆ ಏರುತ್ತಿದೆಯೇ ಇಳಿಯುತ್ತಿದೆಯೇ ಎಂದಷ್ಟೇ ನೋಡಿ.

ಈಗ ಮುಖ್ಯ ಅಭ್ಯಾಸ: ನಾಲ್ಕು ನಿಮಿಷದ ಓಟ, ನಾಲ್ಕು ಸಲ, ನಡುವೆ ಮೂರು ಮೂರು ನಿಮಿಷ ನಿಧಾನದ ಜಾಗಿಂಗ್. ನಾರ್ವೆಯ ಟ್ರಾಂಡ್‌ಹೈಮಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಮೂರು ಸಲ ಎಂಟು ವಾರ ಹೀಗೆ ಓಡಿದವರ ವಿಒ2 ಮ್ಯಾಕ್ಸ್ 7.2 ಶೇಕಡಾ ಏರಿತು. ಅಷ್ಟೇ ಒಟ್ಟು ಶ್ರಮವನ್ನು ನಿಧಾನದ ಓಟದಲ್ಲಿ ಹಾಕಿದವರದು ಏರಲಿಲ್ಲ. ನಾಲ್ಕು ನಿಮಿಷದ ಗುಂಪಿನವರು ಗರಿಷ್ಠ ಹೃದಯ ಬಡಿತದ 90ರಿಂದ 95 ಶೇಕಡಾದಲ್ಲಿ ಓಡಿದ್ದರು.

ಹದಿನೈದು ನಿಮಿಷ ಆರಾಮಾಗಿ ಓಡಿ ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ಎರಡು ಮೂರು ನಿಮಿಷ ಚುರುಕಾಗಿ ಓಡಿ, ಐದಾರು ನಿಮಿಷ ನಡೆಯಿರಿ. ಇದನ್ನು ಬಿಡಬೇಡಿ. ಒಮ್ಮೆ ಹೀಗೆ ಎಚ್ಚರಿಸಿಟ್ಟ ಸ್ನಾಯುಗಳಲ್ಲಿ ಆಮ್ಲಜನಕದ ಬಳಕೆ ಮುಂದಿನ ಸಲ ಬೇಗ ಮೇಲೇರುತ್ತದೆ.

ಮೊದಲ ನಾಲ್ಕು ನಿಮಿಷವನ್ನು ನಿಮ್ಮ ಆರು ನಿಮಿಷದ ವೇಗಕ್ಕಿಂತ ಸ್ವಲ್ಪ ಕೆಳಗೆ, 92–93 ಶೇಕಡಾದಲ್ಲಿ ಓಡಿ. ನನಗೆ ಅದು ನಾಲ್ಕು ನಿಮಿಷಕ್ಕೆ 740 ಮೀಟರ್. ಮೊದಲ ದಿನ ಜೊತೆಗೆ ಓಡುವ ಹುಡುಗಿ ಕೇಳಿದಳು, ‘ಅಕ್ಕಾ, ಇಷ್ಟು ನಿಧಾನಕ್ಕೆ ಓಡಿದ್ರೆ ಏನುಪಯೋಗ?’ ಮೂರನೇ ಸಲದ ಮೂರನೇ ನಿಮಿಷಕ್ಕೆ ಅವಳು ಮಾತು ನಿಲ್ಲಿಸಿದ್ದಳು. ಈ ವೇಗದಲ್ಲಿ ಆಮ್ಲಜನಕ ಒಂದು ಮಟ್ಟಕ್ಕೆ ಬಂದು ನಿಲ್ಲುವುದಿಲ್ಲ. ವೇಗ ಅಷ್ಟೇ ಇದ್ದರೂ ಅದು ನಿಮಿಷ ನಿಮಿಷಕ್ಕೂ ತುಸು ತುಸುವೇ ಮೇಲೆ ತೆವಳುತ್ತದೆ. ಅದಕ್ಕೇ ಗರಿಷ್ಠ ಮಟ್ಟ ಮುಟ್ಟಲು ಗರಿಷ್ಠ ವೇಗ ಬೇಕಾಗಿಲ್ಲ, ಸಾಕಷ್ಟು ಹೊತ್ತು ಬೇಕು.

ಸರಿಯಾಗಿ ಓಡುತ್ತಿದ್ದೇನೆ ಎಂದು ನಾನು ಗುರುತಿಸುವುದು ಉಸಿರಿನಿಂದ. ಮೊದಲ ನಿಮಿಷ ಸುಲಭ, ಮೋಸ ಮಾಡುವಷ್ಟು ಸುಲಭ. ಎರಡು ಹೆಜ್ಜೆಗೆ ಉಸಿರು ಒಳಗೆ, ಎರಡು ಹೆಜ್ಜೆಗೆ ಹೊರಗೆ. ಎರಡನೇ ನಿಮಿಷದ ಕೊನೆಗೆ ನನ್ನ ಉಸಿರು ನನಗೇ ಕೇಳಿಸತೊಡಗುತ್ತದೆ. ಮೂರನೆಯದರಲ್ಲಿ ಆ ಲಯ ಮುರಿದು ಉಸಿರು ಚಿಕ್ಕದಾಗುತ್ತದೆ, ‘ಹೂಂ’ ಎನ್ನಬಹುದು, ವಾಕ್ಯ ಹೇಳಲಾಗದು. ನಾಲ್ಕನೆಯದರಲ್ಲಿ ಮುಗಿದರೆ ಸಾಕು ಅನ್ನಿಸುತ್ತದೆ, ಆದರೆ ಕಾಲು ಇನ್ನೂ ಹೇಳಿದಂತೆ ಕೇಳುತ್ತಿರುತ್ತದೆ. ಉಸಿರಿಗಿಂತ ಮೊದಲು ತೊಡೆ ಉರಿಯಿತೋ, ನೀವು ಜೋರಾಗಿ ಶುರುಮಾಡಿದ್ದೀರಿ. ಎರಡನೇ ನಿಮಿಷದವರೆಗೆ ಹೃದಯ ಬಡಿತದ ಅಂಕಿಯನ್ನು ನೋಡಲೇಬೇಡಿ, ಅದು ಹಿಂದೆ ಉಳಿದಿರುತ್ತದೆ. ಅಂಕಿ ಏರಿಲ್ಲವೆಂದು ವೇಗ ಹೆಚ್ಚಿಸಿ ಕೆಟ್ಟವರು ಬಹಳ ಜನ. ಗರಿಷ್ಠ ಬಡಿತಕ್ಕೆ ವಯಸ್ಸಿನ ಸೂತ್ರವನ್ನೂ ಪೂರ್ತಿ ನಂಬಬೇಡಿ: 208ರಿಂದ ವಯಸ್ಸಿನ 0.7 ಭಾಗ ಕಳೆದರೆ ನನಗೆ 177 ಬರುತ್ತದೆ, ಟ್ರೆಡ್‌ಮಿಲ್ ಮೇಲೆ ಬಂದದ್ದು 186.

ನಡುವಿನ ಮೂರು ನಿಮಿಷ ನಿಲ್ಲಬೇಡಿ, ಕೂರಬೇಡಿ. ನಡಿಗೆಗಿಂತ ಒಂಚೂರು ಹೆಚ್ಚು ಅನ್ನುವಂತೆ ಓಡುತ್ತಿದ್ದರೂ ಸಾಕು. ಮುಂದಿನ ಸಲ ಆಮ್ಲಜನಕ ಮೇಲಿನ ಮೆಟ್ಟಿಲಿನಿಂದಲೇ ಹತ್ತುತ್ತದೆ. ನಾಲ್ಕೂ ಸಲದ ದೂರ ಹತ್ತು ಹದಿನೈದು ಮೀಟರಿನೊಳಗೆ ಒಂದೇ ಇರಬೇಕು. ಮೂರನೆಯದು 40 ಮೀಟರ್ ಕುಸಿದರೆ ಆ ದಿನಕ್ಕೆ ಮುಗಿಸಿ ಮನೆಗೆ ಹೋಗಿ. ನೋಟ್‌ಬುಕ್ಕಿನಲ್ಲಿ ಪ್ರತಿ ಸಲಕ್ಕೂ ಕೊನೆಯ ಎರಡು ನಿಮಿಷವನ್ನಷ್ಟೇ ಎಣಿಸುತ್ತೇನೆ, ನಾಲ್ಕಕ್ಕೆ ಎಂಟು ನಿಮಿಷ.

ಎರಡನೆಯ ಬಗೆ ಫ್ರಾನ್ಸಿನ ಸಂಶೋಧಕಿ ವೆರೊನಿಕ್ ಬಿಯಾ ಪ್ರಸಿದ್ಧಗೊಳಿಸಿದ 30–30. ಆರು ನಿಮಿಷದ ವೇಗದಲ್ಲಿ 30 ಸೆಕೆಂಡ್, ಅದರ ಅರ್ಧ ವೇಗದಲ್ಲಿ 30 ಸೆಕೆಂಡ್. ನನಗೆ 100 ಮೀಟರ್ ಓಟ, 50 ಮೀಟರ್ ಜಾಗಿಂಗ್. ಅಷ್ಟು ಚಿಕ್ಕ ಬಿಡುವಿನಲ್ಲಿ ಆಮ್ಲಜನಕದ ಬಳಕೆ ಹೆಚ್ಚು ಇಳಿಯುವುದಿಲ್ಲ, ಕಾಲಿಗೆ ಮಾತ್ರ ಉಸಿರಾಡಲು ಪುರುಸೊತ್ತು ಸಿಗುತ್ತದೆ. ಎಂಟು ಸಲ ಓಡಿ, ನಾಲ್ಕು ನಿಮಿಷ ಜಾಗಿಂಗ್, ಮತ್ತೆ ಎಂಟು. ಮೊದಲ ಮೂರು ನಾಲ್ಕು ಸಲ ಏನೂ ಅನ್ನಿಸದು. ಆಗ ವೇಗ ಹೆಚ್ಚಿಸುವ ಆಸೆಯನ್ನು ತಡೆದುಕೊಳ್ಳಿ, ಐದನೆಯದರಿಂದ ಕೆಲಸ ಶುರುವಾಗುತ್ತದೆ. ನಾಲ್ಕು ನಿಮಿಷದ ಓಟ ಭಯ ಹುಟ್ಟಿಸುವವರು ಇದರಿಂದಲೇ ಆರಂಭಿಸಿ.

ವಾರಕ್ಕೆ ಎರಡು ದಿನ ಸಾಕು. ಆ ಅಧ್ಯಯನದಂತೆ ಮೂರು ದಿನ ಮಾಡಲು ಹೋಗಿ ಮೂರನೇ ವಾರಕ್ಕೆ ನನ್ನ ಮೀನಖಂಡ ಹಿಡಿದುಕೊಂಡಿತು, ಹತ್ತು ದಿನ ಹೋಯಿತು. ಅವರೆಲ್ಲ ಕಾಲೇಜು ವಯಸ್ಸಿನವರು. ಈಗ ಮಂಗಳವಾರ ನಾಲ್ಕು ನಿಮಿಷದ್ದು, ಶನಿವಾರ 30–30. ಉಳಿದ ದಿನಗಳ ಓಟ ಪೂರ್ತಿ ವಾಕ್ಯ ಮಾತಾಡುತ್ತಾ ಓಡುವಷ್ಟು ನಿಧಾನ. ಸೆಕೆ ಹೆಚ್ಚಿದ್ದಾಗ ಅದೇ ವೇಗಕ್ಕೆ ಬಡಿತ ಮೇಲೆ ಹೋಗುತ್ತದೆ, ಮೀಟರಿನ ಲೆಕ್ಕ ಬಿಟ್ಟು ಉಸಿರಿನ ಲೆಕ್ಕದಲ್ಲಿ ಓಡಿ.

ಬಿಟ್ಟರೆ ಬೇಗ ಇಳಿಯುತ್ತದೆ, ಅದೂ ಗೊತ್ತಿರಲಿ. 1966ರಲ್ಲಿ ಡಲ್ಲಾಸಿನಲ್ಲಿ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ಅಳೆದರು. ವಿಒ2 ಮ್ಯಾಕ್ಸ್ ಕಾಲು ಭಾಗಕ್ಕೂ ಹೆಚ್ಚು ಕುಸಿದಿತ್ತು. 30 ವರ್ಷದ ನಂತರ ಅದೇ ಐವರನ್ನು ಮತ್ತೆ ಅಳೆದಾಗ, ಮೂವತ್ತು ವರ್ಷದ ಮುಪ್ಪು ಮಾಡಿದ ನಷ್ಟ ಆ ಮೂರು ವಾರದ ನಷ್ಟಕ್ಕಿಂತ ಕಡಿಮೆಯಿತ್ತು. ವಯಸ್ಸಿನ ಮೇಲೆ ತಪ್ಪು ಹೊರಿಸುವುದನ್ನು ನಾನು ಇದನ್ನು ಓದಿದ ದಿನ ಬಿಟ್ಟೆ. ಕಾಯಿಲೆ, ಪ್ರಯಾಣ ಏನೇ ಬಂದರೂ ವಾರಕ್ಕೊಂದು ಜೋರಿನ ದಿನ ಉಳಿಸಿಕೊಳ್ಳಲು ನೋಡುತ್ತೇನೆ. ಜ್ವರವಿದ್ದಾಗ ಮಾತ್ರ ಖಂಡಿತ ಇಲ್ಲ.

ಎಂಟು ಹತ್ತು ವಾರಕ್ಕೊಮ್ಮೆ ಆರು ನಿಮಿಷದ ಪರೀಕ್ಷೆ ಮತ್ತೆ ಮಾಡಿ, ಅದಕ್ಕೂ ಮೊದಲು ಎರಡು ದಿನ ಹಗುರಾಗಿ ಓಡಿ. ಹತ್ತನೇ ವಾರಕ್ಕೆ ನನ್ನದು 1270 ಮೀಟರ್ ಬಂತು. ಸೂತ್ರದ ಪ್ರಕಾರ 45.8. 5 ಕಿ.ಮೀ. ಓಟ 25 ನಿಮಿಷ 50 ಸೆಕೆಂಡಿಗೆ ಇಳಿಯಿತು. ಹೊಸ ದೂರ ಬಂದ ಕೂಡಲೇ ಎಲ್ಲ ಲೆಕ್ಕವನ್ನೂ ಬದಲಿಸಿಕೊಳ್ಳಿ. ನನ್ನ 30 ಸೆಕೆಂಡಿನ ಗುರುತು 100 ಮೀಟರಿನಿಂದ 106ಕ್ಕೆ ಸರಿದಿದೆ, ನಾಲ್ಕು ನಿಮಿಷದ್ದು 740ರಿಂದ 785ಕ್ಕೆ.