‘ಅಕ್ಕಾ, ನೀರು ಕೊಡಿ’: ಆಟಿಸಂ ಇರುವ ಮಗುವಿಗೆ ಕಲಿಸುವುದು ಹೇಗೆ?

ದಾವಣಗೆರೆಯ ಶಾಲೆಗಳಲ್ಲಿ ಈ ದೃಶ್ಯವನ್ನು ಹಲವು ಸಲ ಕಂಡಿದ್ದೇನೆ. ಆಟಿಸಂ, ಅಂದರೆ ಮಾತು ಮತ್ತು ಒಡನಾಟದ ರೀತಿಯನ್ನೇ ಬೇರೆಯಾಗಿಸುವ ಬೆಳವಣಿಗೆಯ ಸ್ಥಿತಿ, ಇರುವ ಹುಡುಗ ಆಯಾ ಹತ್ತಿರ ಹೋಗಿ ‘ನೀರು ಬೇಕಾ?’ ಎನ್ನುತ್ತಾನೆ. ಬಾಯಾರಿರುವುದು ಅವನಿಗೇ. ಆಕೆ ‘ನನಗೆ ಬೇಡಪ್ಪ’ ಎಂದು ಹೊರಟರೆ ಸೆರಗು ಹಿಡಿದು ಎಳೆಯುತ್ತಾನೆ. ‘ಮರ್ಯಾದೆ ಇಲ್ಲದ ಹುಡುಗ’ ಎಂಬ ದೂರು ಮನೆಗೆ ಬರುತ್ತದೆ. ದಿನವೂ ‘ನೀರು ಬೇಕಾ?’ ಎಂದು ಕೇಳಿ ಅವನ ಬಾಯಿಗೆ ಆ ಮಾತನ್ನು ಕೊಟ್ಟವರು ನಾವು.

ಮೊದಲು, ಮಗುವಿಗೆ ದಿನವೂ ಎದುರಾಗುವ ಆಯಾ, ಬಿಸಿಯೂಟ ಬಡಿಸುವವರು, ವಿಶೇಷ ಶಿಕ್ಷಕರು ಇವರನ್ನೆಲ್ಲ ಕೇಳಿ ಒಂದೊಂದು ಫೋಟೊ ತೆಗೆಯಿರಿ. ಯಾರನ್ನು ಏನೆಂದು ಕರೆಯಬೇಕೆಂದು ಮಗುವಿಗೆ ತೋರಿಸಲು ಕೆಳಗೆ ‘ಅಕ್ಕ’, ‘ಸರ್’ ಎಂದು ಬರೆಯಿರಿ. ಅಂಗಡಿಯ ಕಾರ್ಟೂನ್ ಕಾರ್ಡುಗಳಿಗೆ ಹಣ ಸುರಿಯಬೇಡಿ. ಅದರಲ್ಲಿರುವ ಹೆಂಗಸನ್ನು ನಿಮ್ಮ ಮಗು ಎಲ್ಲಿಯೂ ಕಂಡಿಲ್ಲ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಆಟಿಸಂ ಇರುವ ಅನೇಕ ಮಕ್ಕಳು ಕೇಳಿದ ಮಾತನ್ನು ಹಾಗೆಯೇ ಮರಳಿಸುತ್ತಾರೆ; ಇದಕ್ಕೆ ಎಕೋಲಾಲಿಯಾ ಎಂದು ಹೆಸರು. ದಿನವಿಡೀ ನಾವು ಮಗುವಿಗೆ ಹೇಳುವುದು ‘ಬಾ’, ‘ಕೊಡು’, ‘ಕುಳಿತುಕೋ’. ಅದನ್ನೇ ಅದು ಆಯಾಗೆ ಹೇಳುತ್ತದೆ. ಕನ್ನಡದಲ್ಲಿ ವಿನಯ ಇರುವುದು ಕ್ರಿಯಾಪದದ ತುದಿಯಲ್ಲಿ. ‘ದಯವಿಟ್ಟು’ ಉರು ಹೊಡೆಸಿದರೂ ಹಿಂದೆ ‘ಕೊಡು’ ಬಂದರೆ ಕಿವಿಗೆ ಚುಚ್ಚುತ್ತದೆ. ಆದ್ದರಿಂದ ಮಗು ಆಡಬೇಕಾದ ಮಾತನ್ನು ನೀವೇ ಆಡಿ ತೋರಿಸಿ. ಮಗುವಿನ ಪಕ್ಕ ನಿಂತು, ಆಯಾ ಕಡೆಗೆ ತಿರುಗಿ, ‘ಅಕ್ಕಾ, ನೀರು ಕೊಡಿ’ ಎನ್ನಿ. ‘ನೀರು ಕೊಡಿ ಅನ್ನು’ ಎಂದರೆ ‘ಅನ್ನು’ ಕೂಡ ಸೇರಿಯೇ ಮರಳಿ ಬರುತ್ತದೆ. ಬಳಿಕ ಸುಮ್ಮನಿದ್ದು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಮೂರಕ್ಕೇ ತಾಳ್ಮೆಗೆಟ್ಟು ‘ಹೇಳು, ಹೇಳು’ ಎಂದರೆ ಮಗು ಆ ‘ಹೇಳು’ವಿಗೇ ಕಾಯುವುದನ್ನು ಕಲಿಯುತ್ತದೆ. ಮಾತು ಬಂದ ಕ್ಷಣವೇ ಲೋಟ ಕೈಗೆ ಬರಬೇಕೆಂದು ಆಯಾಗೆ ಮೊದಲೇ ತಿಳಿಸಿರಿ. ಮಾತು ಬರದಿದ್ದರೂ ನೀರು ಕೊಡಲೇಬೇಕು. ನೀರು ತಡೆಹಿಡಿದು ಮಾತು ಹೊರಡಿಸುವ ಅಡ್ಡದಾರಿಯನ್ನು ಕೆಲವರು ಈಗಲೂ ಹೇಳಿಕೊಡುತ್ತಾರೆ, ಅದು ಕ್ರೌರ್ಯ.

ಮಾತನಾಡದ ಮಗು ಲೋಟದ ಚಿತ್ರವನ್ನು ಕೈಗಿತ್ತರೆ ಸಾಕು.

ಕಣ್ಣಲ್ಲಿ ಕಣ್ಣಿಟ್ಟು ನೋಡೆಂದು ಒತ್ತಾಯಿಸಬೇಡಿ. ಅನೇಕ ಮಕ್ಕಳಿಗೆ ಅದು ಹಿಂಸೆ. ಬೇರೆಡೆ ನೋಡುತ್ತಲೇ ಅವರು ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ.

‘ಬೇಡ ಅಕ್ಕಾ’, ‘ಮುಟ್ಟಬೇಡಿ’ ಎಂಬ ಮಾತುಗಳನ್ನೂ ಇದೇ ವಾರ ಕಲಿಸಿ. ಶೌಚಾಲಯಕ್ಕೆ ಕರೆದೊಯ್ಯುವವರಿಗೆ ಬೇಡ ಎನ್ನಲು ಬಾರದ ಮಗುವಿನ ಬಗ್ಗೆ ನನಗೆ ಭಯವಾಗುತ್ತದೆ. ಮಗು ಹಾಗೆಂದಾಗ ದೊಡ್ಡವರು ಕೈ ಹಿಂತೆಗೆಯಬೇಕು.

ಇದಕ್ಕೆಲ್ಲ ಸಮಯವಿಲ್ಲ ಎಂದು ಶಾಲೆಯವರು ಹೇಳಿದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ನೆನಪಿಸಿ. 1995ರ ಕಾಯ್ದೆಯ ಪಟ್ಟಿಯಲ್ಲಿ ಇರದಿದ್ದ ಆಟಿಸಂ, ಇದರ 21 ಅಂಗವೈಕಲ್ಯಗಳಲ್ಲಿ ಒಂದು. ಆಯಾ ಜೊತೆಗೂ ಅರ್ಧ ಗಂಟೆ ಕುಳಿತು ಮಾತನಾಡಿ. ಆಕೆಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಶಾಲೆಯಲ್ಲಿ ಕಲಿತ ಮಾತು ಬೇರೆಡೆ ತಾನಾಗಿ ಬರುವುದಿಲ್ಲ. ಸಂಜೆ ಜನ ಸೇರುವ ಮುನ್ನ ಮಂಡಕ್ಕಿ ಮೆಣಸಿನಕಾಯಿ ಅಂಗಡಿಗೆ ಕರೆದೊಯ್ದು, ಪಕ್ಕ ನಿಂತು, ‘ಅಣ್ಣಾ, ಮಂಡಕ್ಕಿ ಕೊಡಿ’ ಎನ್ನಿ. ಅಲ್ಲಿಯೂ ಹತ್ತರವರೆಗೆ ಎಣಿಸಿ.