ಅಮೆರಿಕದ ಫುಡ್ ಪ್ಯಾಂಟ್ರಿ ನಡೆಯುವುದು ಹೇಗೆ, ಕೈಜೋಡಿಸುವುದು ಎಲ್ಲಿ

ಅಮೆರಿಕದ ಬಹುತೇಕ ಊರುಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲೋ ಹಳೆಯ ಮಳಿಗೆಯೊಂದರಲ್ಲೋ ಫುಡ್ ಪ್ಯಾಂಟ್ರಿ ಇರುತ್ತದೆ. ವಾರದಲ್ಲಿ ಒಂದೆರಡು ದಿನ, ಕೆಲವೇ ಗಂಟೆ ಬಾಗಿಲು ತೆರೆದು ಪುಕ್ಕಟೆಯಾಗಿ ದಿನಸಿ ಕೊಡುವ ಜಾಗ ಅದು. ನೋಡಲು ನಮ್ಮ ನ್ಯಾಯಬೆಲೆ ಅಂಗಡಿಯಂತಿದ್ದರೂ ಅದನ್ನು ನಡೆಸುವುದು ಸರ್ಕಾರವಲ್ಲ, ಊರಿನವರು. ಎಷ್ಟೋ ಪ್ಯಾಂಟ್ರಿಗಳಲ್ಲಿ ಸಂಬಳದ ನೌಕರ ಒಬ್ಬರೂ ಇರುವುದಿಲ್ಲ.

ಫುಡ್ ಬ್ಯಾಂಕ್ ಮತ್ತು ಪ್ಯಾಂಟ್ರಿ ಒಂದೇ ಎಂದು ಹಲವರು ತಿಳಿದಿದ್ದಾರೆ. ಫುಡ್ ಬ್ಯಾಂಕ್ ಎಂದರೆ ಲಾರಿಗಟ್ಟಲೆ ಸಾಮಾನು ಇಳಿಸಿಕೊಳ್ಳುವ ಗೋದಾಮು. ಅಲ್ಲಿಂದ ಪಡೆದದ್ದನ್ನು ಮನೆಮನೆಯವರ ಕೈಗೆ ಕೊಡುವುದು ಪ್ಯಾಂಟ್ರಿ. ಇಂಥ ಮೊದಲ ಗೋದಾಮನ್ನು 1967ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಜಾನ್ ವಾನ್ ಹೆಂಗೆಲ್ ಶುರುಮಾಡಿದರು. ಇಂದು ಫೀಡಿಂಗ್ ಅಮೆರಿಕಾ ಜಾಲದಲ್ಲಿ ಸುಮಾರು 200 ಫುಡ್ ಬ್ಯಾಂಕುಗಳಿವೆ. ಪ್ಯಾಂಟ್ರಿಗಳು ಇವುಗಳ ಜೊತೆ ಒಪ್ಪಂದ ಮಾಡಿಕೊಂಡು ಸಾಮಾನು ಪಡೆಯುತ್ತವೆ. ಆಹಾರವನ್ನು ಮಾರಬಾರದು, ನೆಲದಿಂದ ಕನಿಷ್ಠ 6 ಇಂಚು ಎತ್ತರದಲ್ಲಿಡಬೇಕು, ಫ್ರಿಜ್ಜಿನ ಉಷ್ಣತೆ ಬರೆದಿಡಬೇಕು ಎಂಬಂಥ ಷರತ್ತುಗಳಿರುತ್ತವೆ. ತಪಾಸಣೆಗೂ ಬರುತ್ತಾರೆ.

ಕಪಾಟು ತುಂಬುವುದು ನಾಲ್ಕು ಕಡೆಯಿಂದ. ಒಂದು, ಕೇಂದ್ರ ಕೃಷಿ ಇಲಾಖೆಯ ಟೀಫ್ಯಾಪ್ ಎಂಬ ತುರ್ತು ಆಹಾರ ಯೋಜನೆ, 1981ರಿಂದ ಇದೆ. ಆದರೆ ಸರ್ಕಾರದ ಪಾಲನ್ನು ನೆಚ್ಚಿ ಕೂರುವಂತಿಲ್ಲ. 2025ರಲ್ಲಿ ಸ್ಥಳೀಯ ರೈತರಿಂದ ಕೊಂಡು ಫುಡ್ ಬ್ಯಾಂಕಿಗೆ ಕೊಡುತ್ತಿದ್ದ ಯೋಜನೆಯ ಮುಂದಿನ ಕಂತು ರದ್ದಾಯಿತು. ಅದೇ ವರ್ಷದ ನವೆಂಬರಿನಲ್ಲಿ, ಕೇಂದ್ರ ಸರ್ಕಾರದ ಕಚೇರಿಗಳು ಮುಚ್ಚಿದ್ದರಿಂದ, ಕಡಿಮೆ ಆದಾಯದವರಿಗೆ ದಿನಸಿ ಕೊಳ್ಳಲು ಸರ್ಕಾರ ಕೊಡುವ ಸ್ನ್ಯಾಪ್ ಹಣ ತಡವಾದಾಗ ಸಾಲು ಬೆಳೆದದ್ದು ಪ್ಯಾಂಟ್ರಿಗಳ ಮುಂದೆ. ಎರಡನೆಯದು ಸೂಪರ್‌ಮಾರ್ಕೆಟ್ಟುಗಳಲ್ಲಿ ಮಾರಾಟವಾಗದೆ ಉಳಿದದ್ದು. ಮೂರನೆಯದು ಪ್ಯಾಂಟ್ರಿಯೇ ದುಡ್ಡು ಕೊಟ್ಟು ಕೊಳ್ಳುವುದು. ಊರಿನವರು ಪೆಟ್ಟಿಗೆಗೆ ಹಾಕುವ ಡಬ್ಬಿಗಳು ನಾಲ್ಕನೆಯದು. ಎಲ್ಲರ ಕಣ್ಣಿಗೆ ಬೀಳುವುದು ಈ ನಾಲ್ಕನೆಯದೇ, ನೆಚ್ಚಿಕೊಳ್ಳಲು ಆಗದ್ದೂ ಅದೇ.

ಸೂಪರ್‌ಮಾರ್ಕೆಟ್ಟಿನಿಂದ ತರುವ ಕೆಲಸಕ್ಕೆ ಹೆಚ್ಚು ಜನ ಬೇಕು. ಬೆಳಿಗ್ಗೆ ಗೊತ್ತಾದ ಹೊತ್ತಿಗೆ ಅಂಗಡಿಯ ಹಿಂಬಾಗಿಲಿಗೆ ವಾಹನ ಹೋಗಬೇಕು. ಬ್ರೆಡ್, ತರಕಾರಿ, ಹಾಲು, ಮಾಂಸವನ್ನು ಬೇರೆಬೇರೆ ತೂಗಿ ಬರೆಯಬೇಕು. ತಣ್ಣಗಿರಬೇಕಾದದ್ದು ದಾರಿಯಲ್ಲಿಯೂ 40 ಡಿಗ್ರಿ ಫ್ಯಾರನ್‌ಹೀಟಿಗಿಂತ ಮೇಲೆ ಹೋಗಬಾರದು. ಅದಕ್ಕೆ ಐಸ್ ಪ್ಯಾಕ್, ಶಾಖ ತಡೆಯುವ ಹೊದಿಕೆ ಬೇಕು. ಚಾಲಕರು ಎರಡು ವಾರ ಬರದಿದ್ದರೆ ಅಂಗಡಿಯ ಮ್ಯಾನೇಜರ್ ಕಾಯುವುದಿಲ್ಲ, ಸಾಮಾನು ಕಸದ ತೊಟ್ಟಿಗೆ ಹೋಗುತ್ತದೆ. ತಪ್ಪಿದ ಕೊಂಡಿಯನ್ನು ಮತ್ತೆ ಕೂಡಿಸಲು ತಿಂಗಳುಗಳೇ ಬೇಕಾಗಬಹುದು. ಮನೆಯಲ್ಲಿ ದೊಡ್ಡ ಕಾರಿದ್ದು, ವಾರಕ್ಕೊಂದು ಬೆಳಿಗ್ಗೆ ಎರಡು ಗಂಟೆ ಕೊಡಬಲ್ಲವರಿದ್ದರೆ ಪ್ಯಾಂಟ್ರಿಗೆ ಅದಕ್ಕಿಂತ ದೊಡ್ಡ ನೆರವಿಲ್ಲ.

ದುಡ್ಡಿನ ಮಾತು. ಆಹಾರ ಪುಕ್ಕಟೆ ಬಂದರೂ ಬಾಡಿಗೆ, ದೊಡ್ಡ ಫ್ರಿಜ್ಜಿನ ಕರೆಂಟು, ವ್ಯಾನಿನ ವಿಮೆ, ಇಲಿ ಜಿರಲೆ ತಡೆಯುವವರ ಬಿಲ್ಲು ಪುಕ್ಕಟೆಯಲ್ಲ. ಇವುಗಳಿಗೆ ಗ್ರ್ಯಾಂಟ್ ಸಿಗುವುದು ಕಷ್ಟ. ಹಾಗಾಗಿ ವರ್ಷಕ್ಕೊಮ್ಮೆ 300 ಡಾಲರ್ ಕೊಡುವುದಕ್ಕಿಂತ ತಿಂಗಳಿಗೆ 25ರಂತೆ ತಾನಾಗಿ ಹೋಗುವ ಹಾಗೆ ಮಾಡಿಟ್ಟರೆ ಪ್ಯಾಂಟ್ರಿ ನಡೆಸುವವರು ಆ ಹಣ ನಂಬಿ ಮುಂದಿನ ತಿಂಗಳ ಆರ್ಡರ್ ಹಾಕಬಲ್ಲರು. ನೌಕರರು ದಾನ ಕೊಟ್ಟಾಗ ಕಂಪನಿಗಳು ತಮ್ಮ ಪಾಲಿನಿಂದ ಸೇರಿಸುವ ಮ್ಯಾಚಿಂಗ್ ಹಣವನ್ನು ನಮ್ಮವರು ಸುಮ್ಮನೆ ಬಿಟ್ಟುಬಿಡುತ್ತಾರೆ. ಅದು ತಾನಾಗಿ ಬರುವುದಿಲ್ಲ: ರಸೀದಿಯನ್ನು ಕಂಪನಿಯ ಪೋರ್ಟಲ್‌ಗೆ ಹಾಕಬೇಕು, ಗಡುವಿನೊಳಗೆ ಹಾಕಬೇಕು. ಸ್ವಯಂಸೇವೆಯ ಗಂಟೆಗಳಿಗೂ ಹಣ ಕೊಡುವ ಕಂಪನಿಗಳಿವೆ. ಚರ್ಚಿನ ಹೆಸರಲ್ಲೇ ನೋಂದಣಿಯಾದ ಪ್ಯಾಂಟ್ರಿಯಾದರೆ, ಧಾರ್ಮಿಕ ಸಂಸ್ಥೆ ಎಂದು ಕೆಲವು ಕಂಪನಿಗಳು ಅರ್ಜಿ ತಿರಸ್ಕರಿಸುತ್ತವೆ. ಮೊದಲೇ ಪ್ಯಾಂಟ್ರಿಯ ಇಐಎನ್ (ತೆರಿಗೆ ಇಲಾಖೆ ಸಂಸ್ಥೆಗೆ ಕೊಡುವ ಗುರುತಿನ) ಸಂಖ್ಯೆ ಕೇಳಿ ಪೋರ್ಟಲ್‌ನಲ್ಲಿ ಹುಡುಕಿ ನೋಡಿ.

ತೆರಿಗೆಯ ವಿಷಯದಲ್ಲಿ ಇಷ್ಟು ಸಾಕು: ಒಂದೇ ಬಾರಿ 250 ಡಾಲರ್ ಅಥವಾ ಹೆಚ್ಚು ಕೊಟ್ಟರೆ ಸಂಸ್ಥೆಯ ಪತ್ರ ಇರಲೇಬೇಕು. ದುಡಿದ ಸಮಯಕ್ಕೆ ವಿನಾಯಿತಿ ಇಲ್ಲ. ಐಟಮೈಸ್ ಮಾಡುವವರು, ಅಂದರೆ ತೆರಿಗೆ ಲೆಕ್ಕದಲ್ಲಿ ಕಡಿತಗಳನ್ನು ಒಂದೊಂದಾಗಿ ತೋರಿಸುವವರು, ಸೇವೆಗೆಂದು ಕಾರು ಓಡಿಸಿದ್ದಕ್ಕೆ ಮೈಲಿಗೆ 14 ಸೆಂಟ್ ತೋರಿಸಬಹುದು.

ಇನ್ನು ಕನ್ನಡ ಕೂಟಗಳು ನಡೆಸುವ ಸಂಗ್ರಹ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಬಾಗಿಲ ಬಳಿ ಪೆಟ್ಟಿಗೆ ಇಡುವುದು ಸುಲಭ. ಆದರೆ ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಇದೆ, ಸ್ಕೌಟ್ ಮಕ್ಕಳ ಸಂಗ್ರಹವಿದೆ, ಶಾಲೆ ಆಫೀಸುಗಳದ್ದೂ ಇದೆ. ಆಗ ಇಡಲು ಜಾಗ ಸಾಲದು, ವಿಂಗಡಿಸಲು ಕೈ ಸಾಲದು. ಕಪಾಟು ಬರಿದಾಗುವುದು ಫೆಬ್ರವರಿ–ಮಾರ್ಚಿನಲ್ಲಿ, ಮತ್ತೆ ಜೂನ್–ಜುಲೈನಲ್ಲಿ. ಬೇಸಿಗೆ ರಜೆಯಲ್ಲಿ ಶಾಲೆಯ ಊಟ ತಪ್ಪಿ ಮಕ್ಕಳಿರುವ ಮನೆಗಳಿಂದ ಬೇಡಿಕೆ ಹೆಚ್ಚು, ದಾನ ಕಡಿಮೆ. ಯುಗಾದಿಗೊಂದು, ಕೂಟದ ಬೇಸಿಗೆ ಪಿಕ್‌ನಿಕ್ಕಿಗೊಂದು ಸಂಗ್ರಹ ಇಟ್ಟುಕೊಳ್ಳಿ. ಮೇ ತಿಂಗಳ ಎರಡನೇ ಶನಿವಾರ ಅಂಚೆಯವರು ದೇಶದಾದ್ಯಂತ ಮನೆ ಮುಂದಿನಿಂದಲೇ ಡಬ್ಬಿ ಸಂಗ್ರಹಿಸುತ್ತಾರೆ. ಆ ವಾರ ಬೇಡ.

ಎರಡು ವಾರ ಮೊದಲೇ ಪ್ಯಾಂಟ್ರಿಗೆ ಫೋನ್ ಮಾಡಿ ಏನು ಬೇಕು, ಯಾವ ದಿನ ತರಲಿ ಎಂದು ಕೇಳಿ. ಬಳಿಕ ಜನರಿಗೆ "ಏನಾದರೂ ತನ್ನಿ" ಎನ್ನದೆ ಮೂರೇ ವಸ್ತು ಹೇಳಿ: ಕಾಬೂಲಿ ಕಡಲೆ ಅಥವಾ ರಾಜ್ಮಾ ಡಬ್ಬಿ, ಪೀನಟ್ ಬಟರ್, 2 ಪೌಂಡಿನ ಅಕ್ಕಿ ಪ್ಯಾಕೆಟ್. ನಮ್ಮವರು ಪ್ರೀತಿಯಿಂದ 20 ಪೌಂಡಿನ ಸೋನಾ ಮಸೂರಿ ಮೂಟೆ ತಂದಿಡುತ್ತಾರೆ. ಅದನ್ನು ಬಿಚ್ಚಿ ಸಣ್ಣ ಚೀಲಕ್ಕೆ ತುಂಬಬೇಕಾದರೆ ಒಪ್ಪಿಗೆ ಪಡೆದ ಜಾಗ ಬೇಕು, ಪ್ರತಿ ಚೀಲಕ್ಕೂ ಲೇಬಲ್ ಬೇಕು. ಅಷ್ಟು ಸೌಲಭ್ಯವಿಲ್ಲದ ಪ್ಯಾಂಟ್ರಿಯಲ್ಲಿ ಮೂಟೆ ಮೂಲೆಯಲ್ಲೇ ಉಳಿಯುತ್ತದೆ. ಮನೆಯಲ್ಲಿ ಮಾಡಿದ ಉಪ್ಪಿನಕಾಯಿ, ಚಕ್ಕುಲಿ, ಒಡೆದ ಪ್ಯಾಕೆಟ್, ಇಂಗ್ಲಿಷಿನಲ್ಲಿ ಸಾಮಗ್ರಿಪಟ್ಟಿ ಇಲ್ಲದ ಪುಡಿಗಳು ಬೇಡ. ಕಡಲೆಕಾಯಿ, ಎಳ್ಳಿನ ಅಲರ್ಜಿ ಇರುವವರಿಗೆ ಅದು ಪ್ರಾಣಾಪಾಯ.

ಡಬ್ಬಿಯ ಮೇಲಿನ ತಾರೀಖಿನ ಬಗ್ಗೆ ಗೊಂದಲ ಬಹಳ. ಕೇಂದ್ರದ ಕಾನೂನಿನಲ್ಲಿ ತಾರೀಖು ಕಡ್ಡಾಯವಾಗಿರುವುದು ಶಿಶುಗಳ ಫಾರ್ಮುಲಾಕ್ಕೆ ಮಾತ್ರ. ಅದು ಮುಗಿದಿದ್ದರೆ ಕೊಡುವಂತಿಲ್ಲ. ಉಳಿದ ಡಬ್ಬಿಗಳ "ಬೆಸ್ಟ್ ಬೈ" ರುಚಿಯ ಸೂಚನೆಯಷ್ಟೇ. ಎಷ್ಟು ದಿನ ಮೀರಿದ್ದನ್ನು ತೆಗೆದುಕೊಳ್ಳಬೇಕೆಂದು ಆಯಾ ಪ್ಯಾಂಟ್ರಿ ನಿರ್ಧರಿಸುತ್ತದೆ. ಉಬ್ಬಿದ, ಸೋರುವ, ಅಂಚಿನ ಬೆಸುಗೆಯ ಮೇಲೆ ತಗ್ಗು ಬಿದ್ದ ಡಬ್ಬಿ ನೇರ ಕಸಕ್ಕೆ. ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದರಿಂದ ಯಾರಿಗಾದರೂ ತೊಂದರೆಯಾದರೆ ಮೊಕದ್ದಮೆ ಬಿದ್ದೀತು ಎಂದು ಹೆದರಬೇಕಿಲ್ಲ. 1996ರ ಬಿಲ್ ಎಮರ್ಸನ್ ಕಾನೂನು ದಾನಿಯನ್ನೂ ಪ್ಯಾಂಟ್ರಿಯನ್ನೂ ಕಾಯುತ್ತದೆ, ಘೋರ ನಿರ್ಲಕ್ಷ್ಯ ಇಲ್ಲದಿದ್ದರೆ. ಬಂದದ್ದನ್ನು ತೂಗಿ 1.2 ಪೌಂಡಿಗೆ ಒಂದು ಊಟ ಎಂದು ಲೆಕ್ಕ ಹಾಕುವ ರೂಢಿಯಿದೆ. 600 ಪೌಂಡ್ ಸಂಗ್ರಹವಾದರೆ 500 ಊಟ. ತೂಕದ ಲೆಕ್ಕವಾದ್ದರಿಂದ 1.2 ಪೌಂಡ್ ಡೋನಟ್ಟೂ ಒಂದು ಊಟವೇ!

ಪ್ಯಾಂಟ್ರಿಯಲ್ಲಿ ಸೇವೆ ಮಾಡಲು ಹೋಗುವವರಿಗೆ: ಹಬ್ಬದ ವಾರದ ಜಾಗಗಳೆಲ್ಲ ಬೇಗ ತುಂಬುತ್ತವೆ; ಮಂಗಳವಾರ ಬೆಳಿಗ್ಗೆ ಯಾರೂ ಇರುವುದಿಲ್ಲ. ಎಚ್-4 (ಎಚ್-1ಬಿಯವರ ಗಂಡ-ಹೆಂಡತಿ, ಮಕ್ಕಳ) ವೀಸಾದವರು, ಊರಿಂದ ಬಂದ ಅಪ್ಪ ಅಮ್ಮಂದಿರು, ಸಾಮಾನ್ಯವಾಗಿ ಯಾರೂ ಸಂಬಳಕ್ಕೆ ಮಾಡದ ಇಂಥ ಸೇವೆಗೆ ಹೋಗಬಹುದು. ಪ್ರತಿಯಾಗಿ ಹಣ, ಗಿಫ್ಟ್ ಕಾರ್ಡ್ ಮಾತ್ರ ಮುಟ್ಟಬಾರದು.

ಪ್ಯಾಂಟ್ರಿಯಿಂದ ಪಡೆಯುವವರಲ್ಲಿ ನಮ್ಮವರೂ ಇದ್ದಾರೆ, ಅದರಲ್ಲಿ ನಾಚಿಕೆಯೇನಿಲ್ಲ. ಎಚ್-1ಬಿ (ಉದ್ಯೋಗ), ಎಫ್-1 (ವಿದ್ಯಾರ್ಥಿ) ವೀಸಾದವರಿಗೆ ಸ್ನ್ಯಾಪ್ ಸಿಗದು. ಕೆಲಸ ಹೋಗಿ, ಬೇರೆ ಕೆಲಸ ಹುಡುಕಿಕೊಳ್ಳಲೋ ದೇಶ ಬಿಡಲೋ ಇರುವ 60 ದಿನಗಳ ಗಡುವು ಓಡುತ್ತಿರುವ ಮನೆಗೂ, ಬಾಡಿಗೆ ಕಟ್ಟಿ ಕೈ ಬರಿದಾದ ವಿದ್ಯಾರ್ಥಿಗೂ ಪ್ಯಾಂಟ್ರಿಯೇ ಹತ್ತಿರದ ದಾರಿ. ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಕ್ಯಾಂಪಸ್ಸಿನೊಳಗೇ ಒಂದಿದೆ. ವಿದ್ಯಾರ್ಥಿ ಐಡಿ ಇದ್ದರೆ ಸಾಕಾಗುತ್ತದೆ. ಬೇರೆಯವರು 211ಕ್ಕೆ ಫೋನ್ ಮಾಡಿ ಪಿನ್‌ಕೋಡ್ ಹೇಳಿದರೆ ಹತ್ತಿರದ ವಿಳಾಸ, ವೇಳೆ ಹೇಳುತ್ತಾರೆ. ಪ್ಯಾಂಟ್ರಿಯಲ್ಲಿ ಹೆಸರು, ಮನೆಯಲ್ಲಿ ಎಷ್ಟು ಜನ, ವಿಳಾಸ ಕೇಳುತ್ತಾರೆ. ಟೀಫ್ಯಾಪ್ ಸಾಮಾನು ಕೊಡುವ ಕಡೆ ಆದಾಯ ಮಿತಿಯೊಳಗಿದೆ ಎಂದು ಸಹಿ ಹಾಕಿಸಿಕೊಳ್ಳಬಹುದು. ಚರ್ಚಿನಲ್ಲಿದ್ದರೂ, ಟೀಫ್ಯಾಪ್ ಸಾಮಾನಿಗೆ ಪ್ರಾರ್ಥನೆಯ ಷರತ್ತು ಹಾಕುವಂತಿಲ್ಲ.

ಸಸ್ಯಾಹಾರಿಗಳು ಮುಂಚೆಯೇ ತುಂಬಿಟ್ಟ ಡಬ್ಬ ಕೊಡುವ ಕಡೆಗಿಂತ, ಅಂಗಡಿಯಂತೆ ಕಪಾಟಿನಿಂದ ಆರಿಸಿಕೊಳ್ಳಲು ಬಿಡುವ ಪ್ಯಾಂಟ್ರಿಗೆ ಹೋಗುವುದು ಒಳ್ಳೆಯದು. ತರಕಾರಿ ಸೂಪಿನಲ್ಲಿ ಕೋಳಿ ರಸ, ರೀಫ್ರೈಡ್ ಬೀನ್ಸ್ ಡಬ್ಬಿಯಲ್ಲಿ ಹಂದಿ ಕೊಬ್ಬು ಇರಬಹುದು, ಪಟ್ಟಿ ಓದಿ ತೆಗೆದುಕೊಳ್ಳಿ. ಗಟ್ಟಿ ಚೀಲ ನಾಲ್ಕು ಜೊತೆಗಿರಲಿ. ಎಲ್ಲ ಕಡೆ ಕೊಡುವುದಿಲ್ಲ.