ರೋಮ್ ಏರ್‌ಪೋರ್ಟಿನ ಎಂಟು ಯೂರೋ ರೈಲು ನನಗೆ ಕೊನೆಗೂ ಒಗ್ಗಿದ್ದು ಹೀಗೆ

ರೋಮಿನ ಫ್ಯೂಮಿಚೀನೋ ಏರ್‌ಪೋರ್ಟಿನಲ್ಲಿ ಇಳಿದರೆ ಮೊದಲು ಕಣ್ಣಿಗೆ ಬೀಳುವುದು ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು. ತಲೆಗೆ 14 ಯೂರೋ. ಎಲ್ಲೂ ನಿಲ್ಲದೆ 32 ನಿಮಿಷಕ್ಕೆ ಊರಿನ ಮುಖ್ಯ ನಿಲ್ದಾಣ ಟೆರ್ಮಿನಿ. ಏರ್‌ಪೋರ್ಟಿನ ಅದೇ ನಿಲ್ದಾಣದಿಂದ ಎಫ್‌ಎಲ್‌1 ಅನ್ನುವ ಮಾಮೂಲಿ ರೈಲೂ ಹೊರಡುತ್ತದೆ, 8 ಯೂರೋ. ಇದು ನಿಮಗೂ ಗೊತ್ತಿರುವುದೇ. ಆದರೂ ನಮ್ಮವರು ಹತ್ತುವುದು ಕಮ್ಮಿ, ಯಾಕಂದ್ರೆ ಅದು ಟೆರ್ಮಿನಿಗೆ ಹೋಗುವುದೇ ಇಲ್ಲ.

"ಲಕ್ಷಗಟ್ಟಲೆ ಸುರಿದು ರೋಮಿಗೆ ಹೋಗಿ, ಆರು ಯೂರೋಗೆ ಯಾಕೋ ಒದ್ದಾಡ್ತೀಯ?" ಅಂತ ನಮ್ಮ ಭಾವ ನಕ್ಕಿದ್ದರು. ಮೊದಲ ಸಲ ಅವರ ಮಾತೇ ನಿಜವಾಯಿತು. ರೂಮು ಟೆರ್ಮಿನಿ ಹತ್ತಿರ ಇತ್ತು. ಎಫ್‌ಎಲ್‌1ರಲ್ಲಿ ಬಂದು ಓಸ್ಟಿಯೆನ್ಸೆ ನಿಲ್ದಾಣದಲ್ಲಿ ಇಳಿದು, ಎರಡು ಸೂಟ್‌ಕೇಸ್ ಎಳೆದುಕೊಂಡು ಸುರಂಗ ದಾಟಿ ಪಿರಾಮಿಡೆ ಮೆಟ್ರೋಗೆ ಹೋದೆವು. ಅದಕ್ಕೆ ತಲೆಗೆ ಇನ್ನೊಂದು 1.50. ಇಬ್ಬರಿಗೆ 28ರ ಬದಲು 19 ಆಯಿತು. ಉಳಿದದ್ದು 9 ಯೂರೋ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು ಎಂಟುನೂರು ರೂಪಾಯಿ. ಹೋದದ್ದು ಅರ್ಧ ಗಂಟೆ ಮತ್ತು ಹೆಂಡತಿಯ ಒಳ್ಳೆ ಮೂಡು.

ಎರಡನೇ ಸಲ ಮುಷ್ಕರ. ಇಟಲಿಯಲ್ಲಿ ಇದು ಮಳೆ ಬಂದಷ್ಟೇ ಮಾಮೂಲು. ಮುಷ್ಕರ ಇದ್ದರೂ ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಮಾಮೂಲಿ ರೈಲುಗಳು ಓಡಲೇಬೇಕು ಅಂತ ನಿಯಮ ಇದೆ. ನಮ್ಮ ವಿಮಾನ ಇಳಿದದ್ದು ಮಧ್ಯಾಹ್ನ! ಟ್ಯಾಕ್ಸಿಗೆ ಐವತ್ತು ಚಿಲ್ಲರೆ ಯೂರೋ ಕೊಟ್ಟು ಹೋದೆವು. ಭಾವನಿಗೆ ಆ ವಿಷಯ ಹೇಳಲೇ ಇಲ್ಲ.

ಆಮೇಲೆ ಲೆಕ್ಕವನ್ನೇ ತಿರುಗಿಸಿ ಹಾಕಿದೆ. ರೂಮು ಹಿಡಿದ ಮೇಲೆ ರೈಲು ಹುಡುಕುವುದಲ್ಲ, ರೈಲು ನಿಲ್ಲುವ ಕಡೆ ರೂಮು ಹಿಡಿಯುವುದು. ಎಫ್‌ಎಲ್‌1 ಟ್ರಾಸ್ಟೆವೆರೆ, ಓಸ್ಟಿಯೆನ್ಸೆ, ಟುಸ್ಕೊಲಾನಾ, ಟಿಬುರ್ಟಿನಾದಲ್ಲಿ ನಿಲ್ಲುತ್ತದೆ. ಈ ಸಲ ಟೆಸ್ಟಾಚೊ ಏರಿಯಾದಲ್ಲಿ ರೂಮು ತೆಗೆದುಕೊಂಡೆ. ಓಸ್ಟಿಯೆನ್ಸೆಯಿಂದ ನಡೆದೇ ಹೋಗಬಹುದು. ಮೆಟ್ರೋ ಇಲ್ಲ, ಸುರಂಗ ಇಲ್ಲ. ಏರ್‌ಪೋರ್ಟಿನಿಂದ ಓಸ್ಟಿಯೆನ್ಸೆಗೆ ಅರ್ಧ ಗಂಟೆ ಹಿಡಿಯಿತು. ಎಕ್ಸ್‌ಪ್ರೆಸ್ಸೂ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ, ಅದರ ಮೇಲೆ ಟೆರ್ಮಿನಿಯ ಮೂಲೆ ಪ್ಲಾಟ್‌ಫಾರ್ಮಿನಿಂದ ಹೊರಗೆ ಬರುವ ನಡಿಗೆ ಬೇರೆ. ಭಾವನಿಗೆ ಪೂರ್ತಿ ಲೆಕ್ಕ ಬರೆದು ಕಳಿಸಿದೆ, ಇನ್ನೂ ಉತ್ತರ ಬಂದಿಲ್ಲ.

ಬೋರ್ಡಿನಲ್ಲಿ ಸುಮ್ನೆ "ರೋಮಾ" ಅಂತ ಹುಡುಕಬೇಡಿ. ಈ ರೈಲು ಊರು ದಾಟಿ ಮುಂದೆ ಹೋಗುತ್ತದೆ, ಹಾಗಾಗಿ ಸಾಮಾನ್ಯವಾಗಿ ಓರ್ಟೆ ಅಥವಾ ಫಾರಾ ಸಬೀನಾ ಅಂತ ಕೊನೆಯ ನಿಲ್ದಾಣದ ಹೆಸರೇ ಬರೆದಿರುತ್ತದೆ. ನನ್ನ ಕಣ್ಣೆದುರೇ ಒಂದು ಕುಟುಂಬ ಓರ್ಟೆ ರೈಲನ್ನು ಬಿಟ್ಟು ಮುಂದಿನದಕ್ಕೆ ಕಾದು ನಿಂತಿತ್ತು. ಪೇಪರ್ ಟಿಕೆಟ್ ಆದರೆ ಹತ್ತುವ ಮುಂಚೆ ಮಷೀನಿಗೆ ತುರುಕಿ ಮುದ್ರೆ ಹಾಕಿಸಿ. "ಟಕ್" ಅಂತ ಸದ್ದು ಬರಬೇಕು, ಅಂಚಿನಲ್ಲಿ ತಾರೀಖು ಟೈಮು ಮೂಡಿದೆಯಾ ಅಂತ ನೋಡಿ. ಇಲ್ಲದಿದ್ದರೆ ದಂಡ, ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. ರೋಮಾ ಪಾಸ್ ಅನ್ನುವ ಪ್ರವಾಸಿಗರ ಕಾರ್ಡು ಏರ್‌ಪೋರ್ಟ್ ರೈಲಿಗೆ ನಡೆಯುವುದಿಲ್ಲ, ಎರಡರಲ್ಲಿ ಯಾವುದಕ್ಕೂ.

ನಾಲ್ಕು ಜನ ಇದ್ದು ಟೆರ್ಮಿನಿಗೇ ಹೋಗಬೇಕು ಅಂದರೆ ನನ್ನ ಮಾತು ಕೇಳಬೇಡಿ. ಎಕ್ಸ್‌ಪ್ರೆಸ್ಸಿನಲ್ಲಿ ನಾಲ್ವರಿಗೆ ಸೇರಿ 40 ಯೂರೋ ಗುಂಪು ಟಿಕೆಟ್ ಇತ್ತು. ಮಾಮೂಲಿ ರೈಲು, ಮೆಟ್ರೋ ಸೇರಿದರೆ 38. ಎರಡು ಯೂರೋಗೆ ಯಾರು ಸೂಟ್‌ಕೇಸ್ ಎಳೀತಾರೆ?

ನಡುವೆ ಒಂದು ದಿನ ಬ್ಯಾಗಿಲ್ಲದೆ ಬೇರೆ ಪ್ರಯೋಗವನ್ನೂ ಮಾಡಿದೆ. ಟ್ರಾಸ್ಟೆವೆರೆಯಲ್ಲಿ ಎಫ್‌ಎಲ್‌3 ಅನ್ನುವ ಇನ್ನೊಂದು ಮಾಮೂಲಿ ರೈಲು ಹತ್ತಿದರೆ ಎರಡನೇ ನಿಲ್ದಾಣವೇ ಸಾನ್ ಪಿಯೆತ್ರೊ. ವ್ಯಾಟಿಕನ್ನಿನ ಗೋಡೆ ಅಲ್ಲಿಂದ ಹತ್ತು ನಿಮಿಷದ ನಡಿಗೆ. ಏರ್‌ಪೋರ್ಟಿನಿಂದ ಬರುವಾಗಲೇ ಇದಕ್ಕೆ ಟಿಕೆಟ್ ಹೇಗೆ ಹೊಂದಿಸಿಕೊಳ್ಳುವುದು ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಹಾಗೇ ಓಸ್ಟಿಯೆನ್ಸೆ ಹತ್ತಿರ ನಿಜವಾದ ಪಿರಮಿಡ್ ಇದೆ, ಎರಡು ಸಾವಿರ ವರ್ಷ ಹಳೆಯದು, ಸೆಸ್ಟಿಯಸ್ ಅನ್ನುವವನ ಸಮಾಧಿ. ಮೆಟ್ರೋ ನಿಲ್ದಾಣಕ್ಕೆ ಆ ಹೆಸರು ಬಂದದ್ದೇ ಅದರಿಂದ. ಎಕ್ಸ್‌ಪ್ರೆಸ್ಸಿನವರಿಗೆ ಇದು ಸಿಗುವುದಿಲ್ಲ ಬಿಡಿ.

ವಾಪಸ್ ಹೋಗುವಾಗ ಲೆಕ್ಕ ಬೇರೆ. ಏರ್‌ಪೋರ್ಟಿನಲ್ಲಿ ರೈಲು ಖಾಲಿ ಹೊರಡುತ್ತದೆ, ಸೀಟು ಖಚಿತ. ಎದುರು ದಿಕ್ಕಿನಲ್ಲಿ ಬೆಳಿಗ್ಗೆ ಬಂದರೆ ಆಫೀಸ್ ಜನ ತುಂಬಿಕೊಂಡೇ ಬರುತ್ತದೆ, ಬ್ಯಾಗಿಗೆ ಜಾಗ ಇರುವುದಿಲ್ಲ. ಕೆಲಸದ ದಿನ ಕಾಲು ಗಂಟೆಗೊಂದು ರೈಲು, ಭಾನುವಾರ ಅರ್ಧ ಗಂಟೆಗೊಂದು. ನಾನು ಒಂದು ರೈಲು ಮುಂಚೆಯೇ ಹೊರಡುತ್ತೇನೆ, ಟಿಕೆಟ್ ಹಿಂದಿನ ಸಂಜೆಯೇ ತೆಗೆದಿಟ್ಟಿರುತ್ತೇನೆ.